ಕೊಟ್ಟ ಮೇಲೆ ಯಾರದು?

(ಬೆಂಗಳೂರಿನ ಗಾಂಧಿನಗರದಲ್ಲಿ ಒಂದು ವಕೀಲರ ಕಚೇರಿ. ವಕೀಲೆ ಟ್ರಸ್ಟು, ದತ್ತಿ, ದಾನಪತ್ರಗಳ ಕೆಲಸವನ್ನಷ್ಟೇ ಮಾಡುವವರು. ಎದುರಿಗೆ ಕೂತಿರುವವರು ತಿಪಟೂರಿನ ಕೊಬ್ಬರಿ ಮಂಡಿ ವರ್ತಕರು. ಮಗ, ಮಗಳು ಇಬ್ಬರಿದ್ದು, ವ್ಯಾಪಾರವನ್ನು ಈಗ ಮಗ ನೋಡಿಕೊಳ್ಳುತ್ತಾನೆ.)

ವರ್ತಕರು: ಹೆಚ್ಚು ಹೊತ್ತು ತಗೊಳ್ಳಲ್ಲ ಮೇಡಂ. ನಮ್ಮ ತಾಯಿ ಹೆಸರಲ್ಲಿ ಒಂದು ಚಾರಿಟಬಲ್ ಟ್ರಸ್ಟ್ ಮಾಡಬೇಕು. ಸ್ನೇಹಿತರೊಬ್ಬರ ಟ್ರಸ್ಟಿನ ಪತ್ರ ಜೆರಾಕ್ಸ್ ಮಾಡಿಸಿ ತಂದಿದೀನಿ. ಹೆಸರು, ವಿಳಾಸ ಬದಲಾಯಿಸಿ ಟೈಪ್ ಮಾಡಿಸಿಕೊಟ್ಟರೆ ಈ ವಾರವೇ ಸಬ್ ರಿಜಿಸ್ಟ್ರಾರ್ ಆಫೀಸಿನ ಕೆಲಸ ಮುಗಿಸಿಬಿಡ್ತೀನಿ.

ವಕೀಲೆ: ಕೊಡಿ, ನೋಡೋಣ. ಉದ್ದೇಶಗಳು ಅಂತ ಎರಡು ಪುಟ ಇದೆ. ಗೋಶಾಲೆ, ವೃದ್ಧಾಶ್ರಮ, ಕಂಪ್ಯೂಟರ್ ತರಬೇತಿ, ದೇವಸ್ಥಾನದ ಜೀರ್ಣೋದ್ಧಾರ, ಸಾಮೂಹಿಕ ವಿವಾಹ, ನೆರೆ ಪರಿಹಾರ. ಕೊನೆಗೆ 'ಟ್ರಸ್ಟಿಗಳಿಗೆ ಸೂಕ್ತವೆಂದು ತೋರುವ ಇತರೆ ಎಲ್ಲ ಕಾರ್ಯಗಳು'. ಇದರಲ್ಲಿ ನೀವು ಮಾಡಬೇಕು ಅಂತಿರೋದು ಯಾವುದು?

ವರ್ತಕರು: ನಾನು ಮಾಡಬೇಕು ಅಂತಿರೋದು ಹಾಸ್ಟೆಲು. ಹಳ್ಳಿಯಿಂದ ಪಿಯುಸಿ, ಡಿಪ್ಲೊಮಾ ಓದೋಕೆ ಬರೋ ಮಕ್ಕಳಿಗೆ ಊಟ, ವಸತಿ. ಪೇಟೇಲಿ ಒಂದು ಸೈಟಿದೆ, ಒಂದು ಕೋಟಿ ರೂಪಾಯಿ ಎತ್ತಿಟ್ಟಿದೀನಿ. ಉಳಿದದ್ದೆಲ್ಲ ಇರಲಿ ಬಿಡಿ, ಮುಂದೆ ಬೇಕಾದೀತು.

ವಕೀಲೆ: ಮುಂದೆ ಬೇಕಾಗೋದು ಯಾರಿಗೆ ಅನ್ನೋದೇ ಪ್ರಶ್ನೆ. ನೀವು ಇರೋವರೆಗೆ ಹಾಸ್ಟೆಲ್ ನಡೆಯುತ್ತೆ. ನಿಮ್ಮ ನಂತರ ಬಂದವರು ಹಾಸ್ಟೆಲ್ ಮುಚ್ಚಿ ಅದೇ ಕಟ್ಟಡದಲ್ಲಿ ಕಲ್ಯಾಣ ಮಂಟಪ ಮಾಡಿದರೆ, ಈ ಪತ್ರ ಅವರನ್ನ ತಡೆಯೋದಿಲ್ಲ. 'ಇತರೆ ಎಲ್ಲ ಕಾರ್ಯಗಳು' ಅಂತ ನೀವೇ ಸಹಿ ಹಾಕಿರ್ತೀರಲ್ಲ.

ವರ್ತಕರು: ಸರ್ಕಾರ ಸುಮ್ಮನಿರುತ್ತಾ? ಟ್ರಸ್ಟುಗಳನ್ನ ನೋಡಿಕೊಳ್ಳೋಕೆ ಒಂದು ಇಲಾಖೆ ಅಂತ ಇರಬೇಕಲ್ಲ.

ವಕೀಲೆ: ಮಹಾರಾಷ್ಟ್ರದಲ್ಲಿದೆ. ಅಲ್ಲಿ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ ಇದೆ, ಅದರ ಕೆಳಗೆ ಚಾರಿಟಿ ಕಮಿಷನರ್ ಇದಾರೆ. ಲೆಕ್ಕ ಒಪ್ಪಿಸಬೇಕು, ಆಸ್ತಿ ಮಾರಬೇಕಾದರೆ ಅವರ ಅನುಮತಿ ಬೇಕು. ನಮ್ಮಲ್ಲಿ ದೇವಸ್ಥಾನಗಳಿಗೆ ಮುಜರಾಯಿ ಇಲಾಖೆ ಇದೆ. ನೀವು ಮಾಡೋ ಥರದ ಟ್ರಸ್ಟಿಗೆ ಅಂಥ ಕಮಿಷನರ್ ಇಲ್ಲ. 1882ರ ಇಂಡಿಯನ್ ಟ್ರಸ್ಟ್ಸ್ ಆ್ಯಕ್ಟ್ ಅಂತ ಎಲ್ಲರೂ ಪತ್ರದ ತಲೆಯಲ್ಲಿ ಬರೆಸ್ತಾರೆ. ಆ ಕಾಯ್ದೆ ಖಾಸಗಿ ಟ್ರಸ್ಟುಗಳಿಗೆ ಮಾತ್ರ. ಸಾರ್ವಜನಿಕ ದತ್ತಿಗಳಿಗೆ ಅನ್ವಯಿಸೋದಿಲ್ಲ ಅಂತ ಅದರ ಮೊದಲ ಸೆಕ್ಷನ್ನೇ ಹೇಳುತ್ತೆ. ಹಾಗಾಗಿ ಆದಾಯ ತೆರಿಗೆಯವರನ್ನ ಬಿಟ್ಟರೆ ನಿಮ್ಮ ಹಾಸ್ಟೆಲಿಗೆ ಕಾವಲು ಇರೋದು ಈ ಪತ್ರ ಒಂದೇ. ಅದನ್ನೇ ನೀವು ಜೆರಾಕ್ಸ್ ಮಾಡಿಸಿ ತಂದಿದೀರಿ.

ವರ್ತಕರು: ಸಂಘ ಮಾಡೋದು ಒಳ್ಳೇದು ಅಂತ ಕೆಲವರು, ಕಂಪನಿ ಅಂತ ಕೆಲವರು ಹೇಳ್ತಾರೆ.

ವಕೀಲೆ: ಸಂಘಕ್ಕೆ 1960ರ ಕರ್ನಾಟಕ ಕಾಯ್ದೆ ಇದೆ. ಕನಿಷ್ಠ ಏಳು ಜನ ಬೇಕು, ಸದಸ್ಯರ ಸಭೆ, ಚುನಾವಣೆ ಎಲ್ಲ ಇರುತ್ತೆ. ಊರಿನವರೆಲ್ಲ ಸೇರಿ ನಡೆಸೋ ಕೆಲಸಕ್ಕೆ ಅದು ಸರಿ. ಸೆಕ್ಷನ್ 8 ಕಂಪನಿಗೆ ಶಿಸ್ತು ಜಾಸ್ತಿ, ಕಾಗದದ ಕೆಲಸಾನೂ ಜಾಸ್ತಿ. ಒಬ್ಬರೇ ಆಸ್ತಿ ಕೊಟ್ಟು ಒಂದು ಕೆಲಸಕ್ಕೆ ಮೀಸಲಿಡೋದಾದರೆ ಟ್ರಸ್ಟೇ ಸಾಕು. ಅದಿರಲಿ, ಈ ಸೈಟು ನಿಮ್ಮ ಸ್ವಂತ ಸಂಪಾದನೆಯದಾ, ಪಿತ್ರಾರ್ಜಿತವಾ?

ವರ್ತಕರು: ತಂದೆಯಿಂದ ಬಂದದ್ದು. ಅಜ್ಜನ ಕಾಲದ ಜಾಗ. ಖಾತೆ ನನ್ನ ಹೆಸರಲ್ಲೇ ಇದೆ.

ವಕೀಲೆ: ಖಾತೆ ನಿಮ್ಮ ಹೆಸರಲ್ಲಿದ್ದ ಮಾತ್ರಕ್ಕೆ ಜಾಗ ನಿಮ್ಮೊಬ್ಬರದೇ ಆಗೋದಿಲ್ಲ. ಅವಿಭಕ್ತ ಕುಟುಂಬದ ಸ್ಥಿರಾಸ್ತಿಯನ್ನ ಮನೆ ಯಜಮಾನ ದಾನ ಮಾಡಬಹುದಾದದ್ದು ಧರ್ಮಕಾರ್ಯಕ್ಕೆ ಮಾತ್ರ, ಅದೂ ಒಂದು ಮಿತಿಯೊಳಗೆ. 2022ರಲ್ಲಿ ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಮತ್ತೆ ಹೇಳಿತು, ಕೆ.ಸಿ. ಲಕ್ಷ್ಮಣ ವರ್ಸಸ್ ಕೆ.ಸಿ. ಚಂದ್ರಪ್ಪ ಗೌಡ ಅಂತ. ತಂದೆ ಪಿತ್ರಾರ್ಜಿತ ಆಸ್ತಿಯಲ್ಲಿ ಒಂದು ಪಾಲನ್ನ ಪ್ರೀತಿಯಿಂದ ಅಂತ ಬರೆದು ದಾನಪತ್ರ ಮಾಡಿಕೊಟ್ಟಿದ್ದರು. ಮಗ ಕೋರ್ಟಿಗೆ ಹೋದರು, ದಾನ ನಿಲ್ಲಲಿಲ್ಲ. ಪ್ರೀತಿ ಧರ್ಮಕಾರ್ಯವಲ್ಲ ಅಂದಿತು ಕೋರ್ಟು. ಹಾಸ್ಟೆಲ್ ಧರ್ಮಕಾರ್ಯವೇ, ಸರಿ. ಆದರೂ ಮಕ್ಕಳಿಬ್ಬರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಮಗಳದೂ ಬೇಕು, 2005ರಿಂದ ಆಕೆಗೂ ಸಮಪಾಲಿದೆ.

ವರ್ತಕರು: ಮಕ್ಕಳು ಬೇಡ ಅನ್ನಲ್ಲ. ಮಗನನ್ನ ಅಧ್ಯಕ್ಷ ಮಾಡ್ತೀನಿ, ಆಮೇಲೆ ಮೊಮ್ಮಗ. ವಂಶಪಾರಂಪರ್ಯ ಅಂತ ಬರೆದುಬಿಡಿ. ಹಾಸ್ಟೆಲ್ ಮೇಲೆ ಒಂದು ಮನೆ ಕಟ್ಟಿಸಿ ಅವನನ್ನೇ ಇರಿಸ್ತೀನಿ. ಕಣ್ಣೆದುರಿಗೆ ಇದ್ದರೆ ಉಸ್ತುವಾರಿ ಚೆನ್ನಾಗಿರುತ್ತೆ.

ವಕೀಲೆ: ಬಾಡಿಗೆ ಕೊಡ್ತಾರಾ?

ವರ್ತಕರು: ಯಾರು, ನನ್ನ ಮಗನಾ? ಅವನ ಅಪ್ಪ ಕೊಟ್ಟ ಜಾಗದಲ್ಲಿ ಅವನ್ಯಾಕೆ ಬಾಡಿಗೆ ಕೊಡಬೇಕು?

ವಕೀಲೆ: ಪತ್ರ ನೋಂದಣಿ ಆದ ದಿನದಿಂದ ಅದು ಅವರಪ್ಪನ ಜಾಗ ಅಲ್ಲ, ಅದಕ್ಕೆ. ಟ್ರಸ್ಟ್ ಕಟ್ಟಿದವರು, ಟ್ರಸ್ಟಿಗಳು, ದೊಡ್ಡ ಮೊತ್ತ ಕೊಟ್ಟವರು, ಇವರ ಹತ್ತಿರದ ಸಂಬಂಧಿಕರು, ಇವರಲ್ಲಿ ಯಾರಿಗೇ ಟ್ರಸ್ಟಿನ ಆಸ್ತಿಯಿಂದ ಬಿಟ್ಟಿ ಲಾಭ ಆದರೂ ತೆರಿಗೆ ವಿನಾಯಿತಿಗೆ ಕುತ್ತು. ಮನೆಗೆ ಸರಿಯಾದ ಬಾಡಿಗೆ ಕಟ್ಟಬೇಕು. ಮಗ ಸಂಬಳ ತಗೊಂಡರೆ ಆ ಕೆಲಸಕ್ಕೆ ಹೊರಗಿನವರಿಗೆ ಎಷ್ಟು ಕೊಡ್ತಿದ್ದೆವೋ ಅಷ್ಟೇ ಇರಬೇಕು. ಟ್ರಸ್ಟಿನ ಹಣವನ್ನ ಮಂಡಿಗೆ ಕೈಸಾಲ ತಗೊಳ್ಳೋದಂತೂ ಬೇಡವೇ ಬೇಡ. ಯಾವುದರಲ್ಲಿ ತೊಡಗಿಸಬಹುದು ಅಂತಲೂ ಕಾನೂನೇ ಪಟ್ಟಿ ಕೊಟ್ಟಿದೆ. ಬ್ಯಾಂಕ್ ಠೇವಣಿ ಇದೆ, ಸರ್ಕಾರಿ ಬಾಂಡ್ ಇದೆ. ಕೊಬ್ಬರಿ ವ್ಯಾಪಾರ ಇಲ್ಲ.

ವರ್ತಕರು: ನನ್ನ ದುಡ್ಡಿಗೆ ಇಷ್ಟೊಂದು ಕಟ್ಟುಪಾಡಾ? ಬೇಡ ಅನಿಸಿದರೆ ವಾಪಸ್ ತಗೋಬಹುದು ತಾನೆ?

ವಕೀಲೆ: ಇಲ್ಲ. ನಾನು ಬರೆಯೋ ಪತ್ರದಲ್ಲಿ, ಯಾವ ಕಾರಣಕ್ಕೂ ಹಿಂಪಡೆಯಲಾಗದು ಅಂತ ಒಂದು ಕಲಂ ಇರುತ್ತೆ. ಟ್ರಸ್ಟ್ ಮುಚ್ಚಬೇಕಾಗಿ ಬಂದರೂ ಉಳಿದ ಆಸ್ತಿ ಇಂಥದೇ ಕೆಲಸ ಮಾಡೋ ಇನ್ನೊಂದು ನೋಂದಾಯಿತ ಸಂಸ್ಥೆಗೆ ಹೋಗಬೇಕು. ನಿಮ್ಮ ಮನೆಗೆ ಬರೋ ಹಾಗಿಲ್ಲ. ವಿನಾಯಿತಿ ಅನುಭವಿಸಿ ಆಮೇಲೆ ಆ ಚೌಕಟ್ಟಿನಿಂದ ಆಚೆ ಹೋದರೆ, ಬೆಳೆದ ಆಸ್ತಿಯ ಮೌಲ್ಯದ ಮೇಲೇ ತೆರಿಗೆ ಹಾಕೋ ನಿಯಮ 2016ರಲ್ಲೇ ಬಂತು. ಕೊಡೋಕೆ ಬಂದವರಿಗೆ ನಾನು ಮೊದಲು ಕೇಳೋದು ಎಷ್ಟು ಕೊಡ್ತೀರಿ ಅಂತಲ್ಲ, ಎಷ್ಟರ ಮೇಲಿನ ಹಿಡಿತ ಬಿಡ್ತೀರಿ ಅಂತ.

ವರ್ತಕರು: ಸರಿ, ಇನ್ನೊಂದು. ಸೀಟು ನಮ್ಮ ಸಮಾಜದ ಮಕ್ಕಳಿಗೆ ಮಾತ್ರ. ಇದರಲ್ಲಿ ತಪ್ಪೇನಿಲ್ಲ ಅಂದ್ಕೋತೀನಿ. ಊರೂರಲ್ಲಿ ಒಂದೊಂದು ಸಮಾಜದ ಹಾಸ್ಟೆಲ್ ಇದೆ, ಅದರಿಂದಲೇ ಎಷ್ಟು ಜನ ಓದಿ ಮುಂದೆ ಬಂದರು.

ವಕೀಲೆ: ನಿಜ. ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ. ಮಠಗಳ, ಸಮಾಜಗಳ ಉಚಿತ ಪ್ರಸಾದ ನಿಲಯಗಳು ಇಲ್ಲದಿದ್ದರೆ ಈ ರಾಜ್ಯದ ಎಷ್ಟೋ ಡಾಕ್ಟರು, ಎಂಜಿನಿಯರು ಊರಲ್ಲೇ ಉಳಿದುಬಿಡ್ತಿದ್ದರು. ಆದರೆ 1961ರ ಆದಾಯ ತೆರಿಗೆ ಕಾಯ್ದೆ ಅಲ್ಲೊಂದು ಗೆರೆ ಎಳೆಯಿತು. ಆ ಕಾಯ್ದೆ ಜಾರಿಗೆ ಬಂದ ಮೇಲೆ, ಅಂದರೆ 1962ರ ಏಪ್ರಿಲ್ 1ರಿಂದೀಚೆಗೆ ಹುಟ್ಟಿದ ಧರ್ಮಾರ್ಥ ಟ್ರಸ್ಟು ಒಂದು ಜಾತಿಗೋ ಒಂದು ಮತದವರಿಗೋ ಮಾತ್ರ ಅಂತ ಇದ್ದರೆ ವಿನಾಯಿತಿ ಇಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳು, ಇವರಿಗಾಗಿ ಅಂತ ಮಾಡಿದರೆ ಅಡ್ಡಿಯಿಲ್ಲ. ಹಳೇ ಸಂಸ್ಥೆಗಳನ್ನ ನೋಡಿ ಹೊಸದನ್ನ ಬರೆಸೋಕೆ ಆಗೋದಿಲ್ಲ.

ವರ್ತಕರು: ಹಾಗಾದರೆ ಬಾಯಲ್ಲಿ ಎಲ್ಲರಿಗೂ ಅನ್ನೋದು, ಸೀಟು ಕೊಡೋವಾಗ ನಮ್ಮವರಿಗೆ ಕೊಡೋದು.

ವಕೀಲೆ: ಕಾನೂನು ಪತ್ರವನ್ನಷ್ಟೇ ಓದಲ್ಲ, ದಾಖಲಾತಿ ಪುಸ್ತಕವನ್ನೂ ಓದುತ್ತೆ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ. ನೀವು ಓದೋವಾಗ ನಿಮ್ಮ ಹಳ್ಳಿಗೆ ಹೈಸ್ಕೂಲು ಇರಲಿಲ್ಲ ಅಲ್ಲವಾ?

ವರ್ತಕರು: ಹೌದು. ಏಳನೇ ಕ್ಲಾಸಿಗೇ ನಿಂತುಹೋಯಿತು.

ವಕೀಲೆ: ನಿಮ್ಮ ಓದು ನಿಂತದ್ದು ದೂರದಿಂದ, ಬಡತನದಿಂದ. ಅದನ್ನೇ ಅಳತೆ ಮಾಡೋಣ. ಇಂತಿಷ್ಟು ಆದಾಯದೊಳಗಿನ ಮನೆ, ಇಷ್ಟು ದೂರದ ಹಳ್ಳಿ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಮಗು. ನಿಮ್ಮ ಸಮಾಜದ ಬಡ ಮಕ್ಕಳು ಅದರಲ್ಲಿ ತಾವಾಗಿಯೇ ಬರ್ತಾರೆ. ಪಕ್ಕದ ಮನೆಯ ಮಗೂನೂ ಬರುತ್ತೆ.

ವರ್ತಕರು: ಹ್ಞೂಂ. ಹಾಗಂತ ಬರೀರಿ. ಆದರೆ ದುಡ್ಡಿನ ವಿಚಾರ ಬಿಡಿಸಿ ಹೇಳಿ. ನಮ್ಮ ಆಡಿಟರು ಯಾವ್ಯಾವುದೋ ಸೆಕ್ಷನ್ ನಂಬರ್ ಹೇಳ್ತಾರೆ, ತಲೆಗೆ ಹತ್ತಲ್ಲ.

ವಕೀಲೆ: ನಂಬರ್ ಬಿಡಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು, 2026ರ ಏಪ್ರಿಲ್‌ನಿಂದ ಆ ನಂಬರುಗಳೇ ಬೇರೆ. ತಿರುಳು ಅದೇ. ಮೊದಲು ಟ್ರಸ್ಟನ್ನ ಆದಾಯ ತೆರಿಗೆಯಲ್ಲಿ ನೋಂದಾಯಿಸಬೇಕು. ಶುರುವಿಗೆ ತಾತ್ಕಾಲಿಕ, ಮೂರು ವರ್ಷಕ್ಕೆ. ಆಮೇಲೆ ಐದು ವರ್ಷದ್ದು. ನಿಮ್ಮಂಥ ಸಣ್ಣ ಟ್ರಸ್ಟುಗಳಿಗೆ ಅದನ್ನ 2025ರಲ್ಲಿ ಹತ್ತು ವರ್ಷ ಮಾಡಿದಾರೆ. ಎರಡನೇದು, ವರ್ಷದ ಆದಾಯದಲ್ಲಿ ಶೇಕಡ 85ರಷ್ಟನ್ನ ಆ ಕೆಲಸಕ್ಕೇ ಖರ್ಚು ಮಾಡಬೇಕು, 15 ಉಳಿಸಿಕೊಳ್ಳಬಹುದು. ಕಟ್ಟಡ ಕಟ್ಟೋದರಂಥ ದೊಡ್ಡ ಕೆಲಸಕ್ಕೆ ಕೂಡಿಡಬೇಕಾದರೆ, ಯಾತಕ್ಕೆ, ಎಷ್ಟು ಕಾಲಕ್ಕೆ ಅಂತ ಮೊದಲೇ ಬರೆದುಕೊಟ್ಟು ಐದು ವರ್ಷದವರೆಗೆ ಇಟ್ಟುಕೊಳ್ಳಬಹುದು.

ವರ್ತಕರು: ಮಂಡಿಯವರೂ ಕೊಡ್ತೀನಿ ಅಂದಿದಾರೆ. ಎಲ್ಲರೂ ಕೇಳೋದು ಒಂದೇ, 80ಜಿ ಇದೆಯಾ?

ವಕೀಲೆ: ಅದಕ್ಕೂ ಪ್ರತ್ಯೇಕ ಅರ್ಜಿ ಹಾಕಬೇಕು. ಬಂದರೂ, ಸಾಮಾನ್ಯವಾಗಿ ಕೊಟ್ಟವರಿಗೆ ಕೊಟ್ಟದ್ದರಲ್ಲಿ ಅರ್ಧಕ್ಕೆ ತೆರಿಗೆ ರಿಯಾಯಿತಿ, ಅದೂ ಅವರ ಆದಾಯದ ಶೇಕಡ ಹತ್ತರ ಮಿತಿಯೊಳಗೆ. ಎರಡು ಸಾವಿರ ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಏನೂ ಸಿಗೋದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಈ ರಿಯಾಯಿತಿಯೇ ಇಲ್ಲ. ಯಾರು ಕೊಟ್ಟರು ಅಂತ ಹೆಸರು, ವಿಳಾಸ ಬರೆದಿಡದೆ ತಗೊಂಡ ಹಣ ಒಂದು ಮಿತಿ ದಾಟಿದರೆ ಶೇಕಡ 30 ತೆರಿಗೆ. ಮಂಡಿಯಲ್ಲಿ ಚೀಟಿ ಮೇಲೆ ವ್ಯವಹಾರ ನಡೆಯಬಹುದು, ಇಲ್ಲಿ ನಡೆಯಲ್ಲ.

ವರ್ತಕರು: ಮಂಡಿಯಲ್ಲೂ ಈಗ ನಡೆಯಲ್ಲ ಬಿಡಿ. ಮಗಳು ಅಮೆರಿಕದಲ್ಲಿದಾಳೆ, ನ್ಯೂಜೆರ್ಸಿ. ವರ್ಷಾ ವರ್ಷಾ ಐದು ಲಕ್ಷ ಕಳಿಸ್ತೀನಿ ಅಂತಾಳೆ. ತಮ್ಮನ ಮಗ ದುಬೈಯಲ್ಲಿ, ಅವನೂ ಕಳಿಸ್ತಾನಂತೆ.

ವಕೀಲೆ: ಮಗಳ ಪಾಸ್‌ಪೋರ್ಟ್ ಯಾವುದು?

ವರ್ತಕರು: ಅಮೆರಿಕದ್ದು. ಆದರೆ ಓಸಿಐ ಕಾರ್ಡ್ ಇದೆ. ವೀಸಾ ಇಲ್ಲದೆ ಬಂದು ಹೋಗ್ತಾಳೆ.

ವಕೀಲೆ: ಬಂದು ಹೋಗೋಕೆ ಕಾರ್ಡ್ ಸಾಕು, ಟ್ರಸ್ಟಿಗೆ ಕೊಡೋಕೆ ಸಾಲದು. ಎಫ್‌ಸಿಆರ್‌ಎ ಅಂತ ವಿದೇಶಿ ವಂತಿಗೆ ಕಾಯ್ದೆ ಇದೆ, 2010ರದು. ಆ ಕಾಯ್ದೆ ನೋಡೋದು ಕೊಡುವವರ ಪೌರತ್ವವನ್ನ. ನಿಮ್ಮ ಮಗಳು ಅದರ ಕಣ್ಣಿಗೆ ವಿದೇಶಿ ಮೂಲ. ದುಬೈಯಲ್ಲಿರೋ ತಮ್ಮನ ಮಗನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ, ತನ್ನ ಸಂಪಾದನೆಯಲ್ಲಿ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಪಾಸ್‌ಪೋರ್ಟ್ ಪ್ರತಿ ಫೈಲಿನಲ್ಲಿ ಇಟ್ಟುಕೊಳ್ಳಿ.

ವರ್ತಕರು: ಇದೊಳ್ಳೆ ಕಥೆ. ಹೊಟ್ಟೇಲಿ ಹುಟ್ಟಿದ ಮಗಳು ವಿದೇಶಿ, ತಮ್ಮನ ಮಗ ಸ್ವದೇಶಿ! ಮಗಳದಕ್ಕೆ ದಾರಿನೇ ಇಲ್ಲವಾ?

ವಕೀಲೆ: ಇದೆ, ತಡ ಆಗುತ್ತೆ. ಟ್ರಸ್ಟ್ ಮೂರು ವರ್ಷ ಕೆಲಸ ಮಾಡಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ತನ್ನ ಉದ್ದೇಶಕ್ಕೆ ಖರ್ಚು ಮಾಡಿರಬೇಕು. ಆಮೇಲೆ ಗೃಹ ಸಚಿವಾಲಯಕ್ಕೆ ಅರ್ಜಿ. ಅನುಮತಿ ಸಿಕ್ಕರೆ ವಿದೇಶದ ಹಣ ಮೊದಲು ಬರಬೇಕಾದದ್ದು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೆ. 2020ರ ತಿದ್ದುಪಡಿ ಆದಮೇಲೆ ದೇಶಕ್ಕೆಲ್ಲ ಅದೊಂದೇ ಬಾಗಿಲು. ಆ ಹಣದಲ್ಲಿ ಆಡಳಿತದ ಖರ್ಚು ಶೇಕಡ 20 ಮೀರಬಾರದು, ಮೊದಲು 50 ಇತ್ತು. ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗೂ ಇಲ್ಲ.

ವರ್ತಕರು: ಅವಳು ನನಗೆ ಕಳಿಸಲಿ. ಅಪ್ಪನಿಗೆ ಮಗಳು ಕೊಟ್ಟದ್ದು. ನಾನು ಟ್ರಸ್ಟಿಗೆ ಹಾಕ್ತೀನಿ.

ವಕೀಲೆ: ಸಂಬಂಧಿಕರ ಉಡುಗೊರೆಗೆ ಅವಕಾಶ ಇದೆ. ಆ ಅವಕಾಶವನ್ನೇ ಒಳದಾರಿ ಮಾಡಿಕೊಂಡು ವರ್ಷಾ ವರ್ಷಾ ಐದು ಲಕ್ಷ ಟ್ರಸ್ಟಿಗೆ ಸಾಗಿಸಿದರೆ, ಕೇಳಿದಾಗ ಉತ್ತರ ಹೇಳಬೇಕಾದವರು ನೀವು. ಆ ಸಲಹೆ ನಾನು ಕೊಡಲ್ಲ. ಮಗಳಿಗೆ ಹೇಳಿ, ದುಡ್ಡಿನ ಬದಲು ಸಮಯ ಕೊಡಲಿ. ರಜೆಗೆ ಬಂದಾಗ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಲಿ.

ವರ್ತಕರು: ಇಷ್ಟೆಲ್ಲ ಕೇಳಿದ ಮೇಲೆ, ವಿಲ್ ಬರೆದು ಸುಮ್ಮನಾಗೋದೇ ವಾಸಿ ಅನ್ನಿಸ್ತಿದೆ. ಸತ್ತ ಮೇಲೆ ಏನಾದರೂ ಮಾಡಿಕೊಳ್ಳಲಿ.

ವಕೀಲೆ: ವಿಲ್ ಬರೆದು ನಾಡಿಗೆ ದೊಡ್ಡದು ಬಿಟ್ಟುಹೋದವರು ಇದಾರೆ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ಸಂಸ್ಥಾನದ ಆಸ್ತಿಯನ್ನ ಮಕ್ಕಳ ವಿದ್ಯಾಭ್ಯಾಸಕ್ಕೆ ಅಂತ ಉಯಿಲು ಮಾಡಿದ್ದರು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ತೆರೆದ ಲಿಂಗರಾಜ ಕಾಲೇಜು ಅವರ ಹೆಸರಿನದೇ. ಆದರೆ ವಿಲ್ ನಡೆಸಿಕೊಡೋರು ಬೇರೆಯವರು, ತಕರಾರು ಬಂದರೆ ಎದ್ದು ಹೇಳೋಕೆ ನೀವಿರಲ್ಲ. ಬದುಕಿರುವಾಗ ಕೊಟ್ಟರೆ ಎಲ್ಲಿ ಸೋರುತ್ತೆ ಅಂತ ನಿಮಗೇ ಕಾಣುತ್ತೆ, ಸರಿಮಾಡಬಹುದು.

ವರ್ತಕರು: ಗುಬ್ಬಿ ತೋಟದಪ್ಪನವರು ಮಾಡಿದ ಹಾಗೆ. ನಮ್ಮ ಜಿಲ್ಲೆಯವರೇ. ಬೆಂಗಳೂರಿಗೆ ಬಂದಾಗ ರೈಲ್ವೆ ಸ್ಟೇಷನ್ ಎದುರಿಗೆ ಅವರ ಛತ್ರದಲ್ಲೇ ಇಳ್ಕೋತಿದ್ದೆವು. ನೂರು ವರ್ಷ ದಾಟಿದರೂ ಹೆಸರು ಉಳಿದಿದೆ. ಅದು ಬೇಕು ನನಗೆ.

ವಕೀಲೆ: ಹೆಸರು ಬೇಕು ಅನ್ನೋದರಲ್ಲಿ ನಾಚಿಕೆ ಬೇಡ, ಪತ್ರದಲ್ಲಿ ಅದಕ್ಕೂ ಒಂದು ಕಲಂ ಹಾಕೋಣ. ಆದರೆ ತೋಟದಪ್ಪನವರು ವರ್ತಕರಾಗಿದ್ದರೂ ಆಡಳಿತವನ್ನ ಧರ್ಮದರ್ಶಿಗಳ ಕೈಗೆ ಕೊಟ್ಟು ಹೋದರು, ಅದಕ್ಕೇ ಇವತ್ತಿಗೂ ನಡೀತಿದೆ. ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆ ತಗೊಳ್ಳಿ. ಜಮ್‌ಷೆಟ್‌ಜಿ ಟಾಟಾ ತಮ್ಮ ಹೆಸರೇ ಬೇಡ ಅಂದಿದ್ದರು. 1904ರಲ್ಲೇ ತೀರಿಕೊಂಡರು, ಸಂಸ್ಥೆ ಕಣ್ಣಿಂದ ನೋಡಲಿಲ್ಲ. ಮೈಸೂರು ಮಹಾರಾಜರು 371 ಎಕರೆ ಜಮೀನು ಕೊಟ್ಟರು. 1909ರಲ್ಲಿ ಭಾರತ ಸರ್ಕಾರದವರು, 1890ರ ಧರ್ಮದತ್ತಿ ಕಾಯ್ದೆಯ ಕೆಳಗೆ ಆದೇಶ ಹೊರಡಿಸಿ ಆಸ್ತಿಯನ್ನ ಸಂಸ್ಥೆಗೆ ಕಟ್ಟಿಹಾಕಿದರು. ಕೊಟ್ಟವರು ಯಾರೂ ವಾಪಸ್ ಕೇಳೋಕಾಗದ ಹಾಗೆ ಬರೆದಿಟ್ಟರು. ಹೆಸರು ಬೇಡ ಅಂದರೂ ಬಸ್ ಕಂಡಕ್ಟರುಗಳು ಬಿಡಲಿಲ್ಲ, 'ಟಾಟಾ ಇನ್‌ಸ್ಟಿಟ್ಯೂಟ್' ಅಂತಲೇ ಕೂಗಿ ಇಳಿಸ್ತಾರೆ.

ವರ್ತಕರು: ಅಂಥ ಕಾಲ ಹೋಯಿತು ಮೇಡಂ. ನನ್ನ ಟ್ರಸ್ಟಿಗಳು ನನ್ನ ಮೇಲೇ ತಿರುಗಿ ಬಿದ್ದರೆ? ಅಥವಾ ನಾನು ಹೋದಮೇಲೆ ತಿಂದುಹಾಕಿದರೆ?

ವಕೀಲೆ: ಹಳೇ ಕಾಲದ ದಾನಶಾಸನಗಳಲ್ಲಿ ಅದಕ್ಕೊಂದು ಏರ್ಪಾಡಿತ್ತು. ಕಲ್ಲಿನ ಕೊನೆಯಲ್ಲಿ, ಇದನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಸಾವಿರ ಗೋವು ಕೊಂದ ಪಾಪ ಅಂತ ಕೆತ್ತಿಸ್ತಿದ್ದರು. ಶಾಪಕ್ಕೆ ಹೆದರೋರು ಕಡಿಮೆಯಾದರು, ಅದರ ಜಾಗಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 92 ಬಂತು, 1908ರದು. ಟ್ರಸ್ಟಿನಲ್ಲಿ ಆಸಕ್ತಿ ಇರೋ ಇಬ್ಬರು ಸೇರಿ ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಅವರಿಗೆ ಟ್ರಸ್ಟಿನ ಫಲ ಸಿಗ್ತಿದ್ದರೆ ಸಾಕು, ಟ್ರಸ್ಟಿಗಳೇ ಆಗಬೇಕಾಗಿಲ್ಲ. ಕೋರ್ಟು ಟ್ರಸ್ಟಿಯನ್ನ ತೆಗೆಯಬಹುದು, ಹೊಸಬರನ್ನ ನೇಮಿಸಬಹುದು, ಲೆಕ್ಕ ಕೇಳಬಹುದು. ಮೂಲ ಉದ್ದೇಶ ನಡೆಸೋದೇ ಅಸಾಧ್ಯವಾದಾಗ, ಅದಕ್ಕೆ ಹತ್ತಿರದ ಇನ್ನೊಂದು ಕೆಲಸಕ್ಕೆ ಆಸ್ತಿಯನ್ನ ತಿರುಗಿಸೋ ಅಧಿಕಾರವೂ ಅಲ್ಲಿದೆ.

ವರ್ತಕರು: ಅಸಾಧ್ಯ ಅಂದರೆ?

ವಕೀಲೆ: ರೈಲು, ಬಸ್ಸು ಇಲ್ಲದ ಕಾಲದಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡಬೇಕು ಅಂತ ಜಮೀನು ಬಿಟ್ಟಿದಾರೆ ಅಂತಿಟ್ಟುಕೊಳ್ಳಿ. ಆ ದಾರಿಯಲ್ಲಿ ಈಗ ಯಾರೂ ನಡೆಯಲ್ಲ. ಇನ್ನೊಂದು ಥರದ್ದು, ಚಿನ್ನದ ಪದಕದ ದತ್ತಿ. ಯಾವತ್ತೋ ಐದು ಸಾವಿರ ರೂಪಾಯಿ ಇಟ್ಟು, ಇದರ ಬಡ್ಡಿಯಲ್ಲಿ ವರ್ಷಾ ವರ್ಷಾ ಚಿನ್ನದ ಪದಕ ಕೊಡಿ ಅಂತ ಬರೆದರೆ ಇವತ್ತು ಆ ಬಡ್ಡಿಗೆ ಪದಕದ ಡಬ್ಬಿ ಬರಬಹುದು. ಕೊಟ್ಟವರ ಮನಸ್ಸು ದೊಡ್ಡದೇ, ಬರೆದವರು ಮುಂದಾಲೋಚನೆ ಮಾಡಲಿಲ್ಲ. ಅದಕ್ಕೇ ನಿಮ್ಮ ಪತ್ರದಲ್ಲಿ 'ಹಾಸ್ಟೆಲ್ ಕಟ್ಟಡ' ಅಂತ ಗಂಟು ಹಾಕಲ್ಲ. 'ಗ್ರಾಮೀಣ ಬಡ ವಿದ್ಯಾರ್ಥಿಗಳ ವಸತಿ, ಊಟ ಮತ್ತು ವ್ಯಾಸಂಗದ ನೆರವು' ಅಂತ ಬರೀತೀನಿ. ಹಾಸ್ಟೆಲ್ ಬೇಡವಾದ ಕಾಲ ಬಂದರೆ ಅದೇ ದುಡ್ಡು ಫೀಸಿಗೆ, ಬಸ್ ಪಾಸಿಗೆ ಹೋಗಲಿ. ಕಲ್ಯಾಣ ಮಂಟಪಕ್ಕೆ ಮಾತ್ರ ಹೋಗಕೂಡದು.

ವರ್ತಕರು: ಟ್ರಸ್ಟಿಗಳು?

ವಕೀಲೆ: ಐದು ಜನ. ನಿಮ್ಮ ಮನೆಯಿಂದ ಇಬ್ಬರು, ಹೆಚ್ಚಿಲ್ಲ. ಹೊರಗಿನವರು ಮೂವರು: ಒಬ್ಬರು ಮೇಷ್ಟ್ರು, ಒಬ್ಬರು ಲೆಕ್ಕ ಬಲ್ಲವರು, ಒಬ್ಬರು ನಿಮ್ಮ ಮಾತಿಗೆ ಎದುರು ಹೇಳೋ ಧೈರ್ಯ ಇರೋರು. ಅವಧಿ ಮೂರು ವರ್ಷ. ಮುಂದೆ ಇದೇ ಹಾಸ್ಟೆಲಲ್ಲಿ ಓದಿ ಹೋದವರಿಗೂ ಒಂದು ಸ್ಥಾನ ಇರಲಿ. ಅಧ್ಯಕ್ಷರೊಬ್ಬರ ಸಹಿಗೆ ಚೆಕ್ಕು ಹೊರಡೋ ಹಾಗಿಲ್ಲ.

ವರ್ತಕರು: ಎದುರು ಹೇಳೋಕೆ ನನ್ನ ಹೆಂಡತಿ ಇದಾಳೆ, ಮನೆಯ ಇಬ್ಬರಲ್ಲಿ ಅವಳೊಬ್ಬಳು. ಒಟ್ಟಿನಲ್ಲಿ ಒಂದು ಕೋಟಿ, ಒಂದು ಸೈಟು. ಹಾಸ್ಟೆಲ್ ಆಗುತ್ತೋ ಇಲ್ಲವೋ?

ವಕೀಲೆ: ಕೋಟಿಯೆಲ್ಲ ಕಟ್ಟಡಕ್ಕೇ ಹೋದರೆ ಅಡುಗೆಯವರಿಗೆ ಸಂಬಳ ಎಲ್ಲಿಂದ? ವಾರ್ಡನ್, ನೀರು, ಕರೆಂಟು, ಅಕ್ಕಿ, ಆಡಿಟು, ಇವೆಲ್ಲ ತಿಂಗಳು ತಿಂಗಳು ಬರೋ ಖರ್ಚು. ಕಟ್ಟಡ ನಿಂತು ಊಟ ನಿಂತ ಹಾಸ್ಟೆಲುಗಳು ಬೇಕಾದಷ್ಟಿವೆ. ಆ ಕೋಟಿಯನ್ನ ಮೂಲನಿಧಿ ಮಾಡಿ ಠೇವಣಿ ಇಟ್ಟು, ಬಡ್ಡಿಯಲ್ಲಿ ಆಗಲೇ ಚೆನ್ನಾಗಿ ನಡೀತಿರೋ ಒಂದು ಹಾಸ್ಟೆಲಲ್ಲಿ ನಿಮ್ಮ ತಾಯಿ ಹೆಸರಿನ ಸೀಟುಗಳನ್ನ ಇಡಬಹುದು. ನಿಜ ಹೇಳಬೇಕು ಅಂದರೆ ಅದಕ್ಕೆ ಟ್ರಸ್ಟೂ ಬೇಡ, ಒಂದು ಒಳ್ಳೆ ಒಪ್ಪಂದ ಸಾಕು.

ವರ್ತಕರು: ಟ್ರಸ್ಟ್ ಬರೆಸೋಕೆ ಬಂದವನಿಗೆ ಟ್ರಸ್ಟ್ ಬೇಡ ಅಂತೀರಲ್ಲ, ನಿಮ್ಮ ಹೊಟ್ಟೆಪಾಡು?

ವಕೀಲೆ: ಅವಸರದಲ್ಲಿ ಬರೆಸಿದ ಪತ್ರಗಳನ್ನ ಬಿಡಿಸೋದರಲ್ಲೇ ನನ್ನ ಹೊಟ್ಟೆ ತುಂಬುತ್ತೆ. ನಿಮಗೆ ಗೊತ್ತಿರೋದೇ, ಕಾಯಿ ಅಟ್ಟದ ಮೇಲೆ ಬಿದ್ದಿದ್ದು ನೀರು ಇಂಗಿದ ಮೇಲೇ ಕೊಬ್ಬರಿ. ಈ ಜೂನ್‌ನಲ್ಲಿ ಹತ್ತು ಮಕ್ಕಳ ಹಾಸ್ಟೆಲ್ ಫೀಸು ನೀವೇ ನೇರವಾಗಿ ಕಟ್ಟಿ. ಒಂದು ವರ್ಷ ಅವರ ಹಿಂದೆ ಬೀಳಿ. ಯಾರು ಅರ್ಧಕ್ಕೆ ಬಿಟ್ಟರು, ಯಾಕೆ ಬಿಟ್ಟರು, ಊಟಕ್ಕೆ ತೊಂದರೆಯಾ, ಬಸ್ಸಿಗೆ ತೊಂದರೆಯಾ, ಹೆಣ್ಣುಮಕ್ಕಳಿಗೆ ಏನು ಬೇಕು, ಬರೆದಿಡಿ. ಆಮೇಲೆ ಆ ಪುಸ್ತಕ ತಗೊಂಡು ಬನ್ನಿ, ಅದನ್ನ ನೋಡಿ ಪತ್ರ ಬರೆಯೋಣ. ಅಷ್ಟರಲ್ಲಿ ಮಕ್ಕಳಿಬ್ಬರ ಒಪ್ಪಿಗೆ ಪತ್ರ ತರಿಸಿ, ಸೈಟಿನ ಮೂಲ ದಾಖಲೆ ಕಳಿಸಿ.

ವರ್ತಕರು: ಹತ್ತು ಬೇಡ, ಹದಿನೈದು ಮಕ್ಕಳಿಗೆ ಕಟ್ತೀನಿ. ಮಗನಿಗೆ ಮೇಲಿನ ಮನೆಯೂ ಇಲ್ಲ, ಅಧ್ಯಕ್ಷಗಿರಿಯೂ ಇಲ್ಲ ಅಂತ ಹೇಳೋದು ಹೇಗೆ ಅನ್ನೋದೇ ಈಗ ಯೋಚನೆ.

ವಕೀಲೆ: ಅದನ್ನ ನೀವೇ ಹೇಳಬೇಕು. ಹೇಳೋಕಾದರೆ ಟ್ರಸ್ಟ್ ಮಾಡೋಕೂ ಆಗುತ್ತೆ.

ವರ್ತಕರು: ಹೇಳ್ತೀನಿ. ಇವತ್ತಿನ ನಿಮ್ಮ ಫೀಸು ಎಷ್ಟು? ಅದಕ್ಕೆ 80ಜಿ ಬರುತ್ತಾ?

ವಕೀಲೆ: ಬರಲ್ಲ. ರಸೀದಿ ಮಾತ್ರ ಕೊಡ್ತೀನಿ.